ಕಪ್ಪೆಗೆ ನಾಲ್ಕು ಕೋಣೆ

ದೊಡ್ಡ ಟೀಚರ್ ನಿವೃತ್ತರಾಗಿ ಆರು ವರ್ಷವಾಗಿತ್ತು. ಅವರ ತಿದ್ದುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ. ಅಂಗಡಿಯ ಬೋರ್ಡು, ಬಸ್ಸಿನ ವೇಳಾಪಟ್ಟಿ, ತಂಗಿ ಬರೆದ ಕಾಗದ, ಯಾವುದನ್ನೂ ಬಿಟ್ಟವರಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಇಂಥವರನ್ನೇ ಶಾಲೆಯವರು ಹುಡುಕಿ ಹುಡುಕಿ, ಪರೀಕ್ಷೆಯಲ್ಲಿ ಮಕ್ಕಳು ಹೇಳಿದ್ದನ್ನು ಬರೆದುಕೊಡುವ ಕೆಲಸಕ್ಕೆ ಕರೆದರು!

ಬರೆಸುವವಳು ಹತ್ತನೇ ತರಗತಿಯ ಪಟಾಕಿ. ಮಾತಿಗೆ ನಿಂತರೆ ಮುಗಿಯಿತು, ಅದಕ್ಕೇ ಆ ಅಡ್ಡಹೆಸರು. ಅವಳಿಗೆ ಡಿಸ್‌ಲೆಕ್ಸಿಯಾ, ಅಂದರೆ ಓದು-ಬರಹದ ತೊಡಕು. ಕಿವಿಯಿಂದ ಕೇಳಿದ್ದು ಕಲ್ಲಿನಲ್ಲಿ ಕೊರೆದ ಹಾಗೆ ಉಳಿಯುತ್ತಿತ್ತು, ಅಚ್ಚಾದ ಸಾಲು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ವಿಶೇಷ ಶಿಕ್ಷಕಿ ಎರಡು ವರ್ಷ ಪಾಠಗಳನ್ನು ರೆಕಾರ್ಡ್ ಮಾಡಿ ಕೇಳಿಸಿ, ಬಾಯಲ್ಲಿ ಉತ್ತರ ಹೇಳುವ ಅನುಮತಿಯನ್ನೂ ಕೊಡಿಸಿದ್ದರು.

ಆದರೆ ಮಧ್ಯವಾರ್ಷಿಕದಲ್ಲಿ ಬೇರೊಬ್ಬರು ಬರೆದುಕೊಟ್ಟು ಅವಳಿಗೆ ಅರವತ್ತೆರಡು ಬಂದಾಗ, "ಅದು ಬರೆದವರ ಮಾರ್ಕು" ಎಂದು ಇಡೀ ತರಗತಿ ನಕ್ಕಿತ್ತು. ಪಟಾಕಿ ಒಂದು ವಾರ ತುಟಿ ಬಿಚ್ಚಿರಲಿಲ್ಲ.

"ಅವಳು ಹೇಳಿದ್ದಷ್ಟೇ ಬರೀರಿ ಅಮ್ಮ. ತಪ್ಪು ಹೇಳಿದ್ರೆ ತಪ್ಪನ್ನೇ ಬರೀರಿ," ಎಂದು ವಿಶೇಷ ಶಿಕ್ಷಕಿ ಕೈಮುಗಿದು ಹೇಳಿದ್ದರು.

"ಅಯ್ಯೋ, ಅಷ್ಟೂ ಗೊತ್ತಾಗಲ್ವೇನೇ ನಂಗೆ?" ಎಂದಿದ್ದರು ದೊಡ್ಡ ಟೀಚರ್.

ವಾರ್ಷಿಕ ಪರೀಕ್ಷೆಯ ದಿನ ಪ್ರಯೋಗಾಲಯದ ಪಕ್ಕದ ಚಿಕ್ಕ ಕೋಣೆಯಲ್ಲಿ ಅವರಿಬ್ಬರೇ, ಬಾಗಿಲ ಬಳಿ ಮೇಲ್ವಿಚಾರಕ. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂಬ ಪ್ರಶ್ನೆಯನ್ನು ಟೀಚರ್ ಓದಿದರು.

"ನಾಲ್ಕು," ಎಂದಳು ಪಟಾಕಿ.

ಟೀಚರ ಕೈ 'ಮೂರು' ಎಂದು ಬರೆದೇಬಿಟ್ಟಿತು. ಬರೆದ ಮೇಲೆ ಮಾಡಿದ್ದು ಅರಿವಾಯಿತು. ಒಂದೇ ಅಂಕ ತಾನೇ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಮುಂದಿನ ಪ್ರಶ್ನೆ ಓದಿದರು.

ಪುಟ ಮುಗಿಯಿತು. "ಓದಿ ಹೇಳಿ ಟೀಚರ್," ಎಂದಳು ಹುಡುಗಿ. ಪ್ರತಿ ಪುಟವನ್ನೂ ಓದಿಸಿ ಕೇಳುವುದು ಅವಳಿಗೆ ರೂಢಿಯಾಗಿತ್ತು.

ನಾಲ್ಕು ಎಂದು ಓದಿದರೆ ಅಲ್ಲಿಗೆ ಮುಗಿಯುತ್ತಿತ್ತು. ಹುಡುಗಿ ನೋಡಿ ಹಿಡಿಯುವಂತಿರಲಿಲ್ಲ. ಅವಳು ಕಣ್ಣು ಮುಚ್ಚಿ, ಕಿವಿ ಕೊಟ್ಟು ಕೂತಿದ್ದಳು. ಆ ನಂಬಿಕೆ ಕಂಡು ಟೀಚರಿಗೆ ನಾಚಿಕೆಯಾಯಿತು.

"...ಮೂರು ಕೋಣೆ."

"ನಾನು ನಾಲ್ಕು ಅಂದೆ."

"ಮೂರೇ ಸರಿ ಮಗಳೇ."

"ಇರ್ಬಹುದು. ಆದ್ರೆ ಅದು ನಿಮ್ದು. ಇದೊಂದು ಸೇರಿದ್ರೆ ಉಳಿದದ್ದೂ ನಿಮ್ದೇ ಆಗೋಗುತ್ತೆ. ಹೊಡೆದು ಹಾಕಿ."

ಮೇಲ್ವಿಚಾರಕ ತಲೆಯೆತ್ತಿದ. ಟೀಚರ್ ತಪ್ಪೊಪ್ಪಿಕೊಂಡರು. ಅವನು ನೋಡುತ್ತಿರುವಾಗಲೇ, ಜೀವಮಾನದಲ್ಲಿ ಮೊದಲ ಸಲ, ಸರಿಯುತ್ತರಕ್ಕೆ ಗೀಟು ಹಾಕಿ ತಪ್ಪುತ್ತರ ಬರೆದರು. ಅವನು ಪಕ್ಕದಲ್ಲಿ ಸಹಿ ಹಾಕಿದ.

ಫಲಿತಾಂಶದ ದಿನ ಪಟಾಕಿ ಏದುಸಿರು ಬಿಡುತ್ತಾ ಟೀಚರ ಮನೆಗೆ ಓಡಿಬಂದಳು.

"ಐವತ್ತೊಂದು!"

ಆ 'ಮೂರು' ಉಳಿದಿದ್ದರೆ ಐವತ್ತೆರಡು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಟೀಚರ್ ಅದನ್ನು ನುಂಗಿಕೊಂಡರು.

"ಅದ್ರಲ್ಲಿ ನಿಮ್ದೆಷ್ಟು ಟೀಚರ್?" ಹುಡುಗಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಒಂದೂ ಇಲ್ಲ ಕಣೇ," ಎಂದರು ಟೀಚರ್. ಹಾಗೆನ್ನುವಾಗ ಅವರಿಗೆ ಎಂದೂ ಆಗದಷ್ಟು ಹೆಮ್ಮೆಯಾಯಿತು.