ಮಡಿಲಕ್ಕಿಯ ಗಂಟು

ನನಗೆ ಸಿಟ್ಟು ಜಾಸ್ತಿ ಎಂದು ವಕ್ಕಲೇರಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ವರ್ಷಗಟ್ಟಲೆ ಶಾರ್ಜಾದಲ್ಲಿ ನರ್ಸ್ ಆಗಿರುವವಳಿಗೆ ಸಿಟ್ಟು ತೋರಿಸಲು ಹುಟ್ಟಿದೂರು ಬಿಟ್ಟರೆ ಇನ್ನೆಲ್ಲಿ ಜಾಗ? ಅಲ್ಲಿ ನಾನು ಸಿಟ್ಟಾಗುವುದಿಲ್ಲ, ಹೆದರುತ್ತೇನೆ. ರಸ್ತೆ ದಾಟಲು ಹೆದರುತ್ತೇನೆ. ಆಸ್ಪತ್ರೆಯಲ್ಲಿ ಮೇಲಿನವರು ಹೆಸರು ಹಿಡಿದು ಕರೆದರೆ ಏನು ತಪ್ಪಾಯಿತೋ ಎಂದು ಮೊದಲು ನೆನೆಸಿಕೊಳ್ಳುತ್ತೇನೆ. ಯಾರಾದರೂ ಬಾಗಿಲು ಬಡಿದರೆ ನನ್ನ ಗಂಡ ಶಿವಕುಮಾರ್ ಮೊದಲು ಟಿವಿ ಸದ್ದು ತಗ್ಗಿಸಿ ಆಮೇಲೆ ಏಳುತ್ತಾನೆ. ನಾವು ಯಾವ ತಪ್ಪೂ ಮಾಡಿದವರಲ್ಲ. ಆದರೆ ಪರದೇಶದಲ್ಲಿ ಯಾವುದು ತಪ್ಪು ಎಂಬುದೇ ಪೂರ್ತಿ ಗೊತ್ತಿರುವುದಿಲ್ಲವಲ್ಲ.

ಸೊಣ್ಣಪ್ಪನಿಗೂ ಗೊತ್ತಿರಲಿಲ್ಲ. ಮುಳಬಾಗಿಲು ಕಡೆಯವನು, ನಮ್ಮ ಕಟ್ಟಡದಲ್ಲೇ ಇದ್ದ. ಬಾಡಿನ ಸಾರಿಗೆ ಇರಲಿ ಎಂದು ಅವನ ಹೆಂಡತಿ ಒಂದು ಪೊಟ್ಟಣ ಗಸಗಸೆ ಕಟ್ಟಿಕೊಟ್ಟಿದ್ದಳು. ನಮ್ಮಲ್ಲಿ ಅಂಗಡಿಯಲ್ಲಿ ತೂಗಿ ಕೊಡುವ ಗಸಗಸೆ ಅಲ್ಲಿ ಅಫೀಮಿನ ಲೆಕ್ಕ. ವಿಮಾನ ನಿಲ್ದಾಣದಿಂದ ನೇರ ಜೈಲಿಗೆ ಹೋದ. ತಿಂಗಳುಗಟ್ಟಲೆ ಇದ್ದು ಹೊರಗೆ ಬಂದ ಮೇಲೆ ಅಂಗಡಿಯ ಉಪ್ಪಿನ ಪೊಟ್ಟಣ ಮುಟ್ಟಲೂ ಹಿಂಜರಿಯುತ್ತಿದ್ದ.

ಅದಕ್ಕೇ ಈ ಸಲ ರಜೆ ಮುಗಿಸಿ ಹೊರಡುವ ದಿನ ಪೆಟ್ಟಿಗೆಯನ್ನು ನಡುಮನೆಯಲ್ಲಿ ಸುರಿದು ನೋಡಿದೆ. ಮಸಾಲೆ ಪುಡಿಗಳನ್ನೆಲ್ಲ ಹೊರಗಿಟ್ಟೆ. ಅಮ್ಮ ಆಂಜಿನಮ್ಮ ಗೋಡೆಗೆ ಒರಗಿ ನೋಡುತ್ತಿದ್ದಳು.

"ನಿನಗಿಂತ ಪೊಲೀಸಿನೋರೇ ವಾಸಿ ಕಣೇ ಗಂಗಾ," ಎಂದಳು.

"ಗಸಗಸೆ ಏನಾದ್ರೂ ತುರುಕಿದ್ದೀಯೇನಮ್ಮ?"

"ಪೆಟ್ಟಿಗೇಲಿ ಒಂದು ಕಾಳೂ ಇಲ್ಲ. ನಿನ್ನಾಣೆ."

ಆಮೇಲೆ ಮಣೆಯ ಮೇಲೆ ಕೂರಿಸಿ ನನ್ನ ಮಡಿಲು ತುಂಬಿದಳು. ಸೀರೆಯ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆ ಹಾಕಿ, ಎಲ್ಲವನ್ನೂ ಹಸಿರು ರವಿಕೆ ಕಣಕ್ಕೆ ಸುರಿದು, ಅರಿಶಿನದ ಕೈಯಲ್ಲೇ ಗಂಟು ಕಟ್ಟಿದಳು. ತವರಿನ ಈ ಗಂಟನ್ನು ಗಂಡನ ಮನೆಯ ಹೊಸಿಲು ದಾಟಿದ ಮೇಲೆಯೇ ಬಿಚ್ಚಬೇಕು. ಹೋದ ಸಲ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಕತ್ತರಿ ಹಾಕಿ ಬಿಚ್ಚಿ, ಅಕ್ಕಿ ಕೆದಕಿ ನೋಡಿದ್ದರು. ಸ್ವಲ್ಪ ದಿನಕ್ಕೆ ನನ್ನ ಹೊಟ್ಟೆಯ ಮಗು ನಿಲ್ಲಲಿಲ್ಲ. ನಾನು ನರ್ಸು. ಅದು ಯಾಕಾಯಿತೆಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಅಮ್ಮ ಮಾತ್ರ, "ದಾರೀಲಿ ಗಂಟು ಬಿಚ್ಚಿದ್ರಲ್ಲ" ಎಂದಷ್ಟೇ ಅಂದಳು. ಆಗ ಅವಳನ್ನು ಚೆನ್ನಾಗಿ ಬೈದಿದ್ದೆ. ಈಗ ಮತ್ತೆ ಮೂರನೇ ತಿಂಗಳು, ಬೈಯಲು ಧೈರ್ಯ ಸಾಲದು.

ಸೀರೆ ಮಡಚಿ ಪೆಟ್ಟಿಗೆಗೆ ಹಾಕಿ, ಚೂಡಿದಾರ ತೊಟ್ಟು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಕದಿರೇಶನ ಕಾರು ಹತ್ತಿದೆ. ವೇಮಗಲ್ ದಾಟಿದಾಗ ಅಮ್ಮನ ಫೋನು ಬಂತು.

"ಗಂಗಾ, ಹೋದ ತಕ್ಷಣ ಪಾಯಸ ಮಾಡ್ಕೋ ತಲ್ಲಿ. ಗಸಗಸೆ ಹೊಸದು, ಜಾಸ್ತಿ ಹುರೀಬೇಡ." ಪ್ರೀತಿ ಬಂದರೆ ಅಮ್ಮನ ಬಾಯಲ್ಲಿ ತಾಯಿ ಅನ್ನುವುದಕ್ಕೆ ತೆಲುಗಿನ ತಲ್ಲಿಯೇ.

"ಯಾವ ಗಸಗಸೆ?"

"ಮಡಿಲಕ್ಕೀಲಿ ಹಾಕಿದ್ದೀನಲ್ಲ."

"ನನ್ನಾಣೆ ಇಟ್ಟೆಯಲ್ಲಮ್ಮ."

"ಪೆಟ್ಟಿಗೇಲಿ ಇಲ್ಲ ಅಂದೆ. ಮಡಿಲಕ್ಕೀನ ಲಗೇಜು ಅಂತಾರೇನೇ? ಅದು ದೇವರದ್ದು, ಅದನ್ನ ಯಾರು ಹಿಡೀತಾರೆ?"

ಫೋನಿಟ್ಟು ಕಾರು ನಿಲ್ಲಿಸಲು ಹೇಳಿದೆ. ವಿಷಯ ಕೇಳಿ ಕದಿರೇಶ ಕಾರನ್ನು ರಸ್ತೆ ಬದಿಗೆ ಹಾಕಿದ, ಇಬ್ಬರೂ ಇಳಿದೆವು.

"ಬಿಚ್ಚಬೇಡ ಅಕ್ಕ. ಹಂಗೇ ಇಲ್ಲಿ ಬಿಟ್ಟೋಗು, ನಾನು ವಾಪಸ್ ತಗೊಂಡು ಹೋಗ್ತೀನಿ."

"ಮಡಿಲಕ್ಕಿ ತವರಿಗೆ ವಾಪಸ್ ಬಂದ್ರೆ ಮಡಿಲು ಬರಿದು ಅಂತಾಳೆ ಕಣೋ ನಿಮ್ಮಮ್ಮ. ಪೊಟ್ಟಣದಲ್ಲಿ ಹಾಕಿದ್ರೆ ಅದನ್ನಷ್ಟೇ ತೆಗೆದು ಮತ್ತೆ ಕಟ್ತೀನಿ."

ಅವನು ಆ ಕಡೆ ತಿರುಗಿ ನಿಂತ. ನಾನು ಹೊಟ್ಟೆಯ ಮೇಲೆ ಒಂದು ಕೈ ಇಟ್ಟು ಇನ್ನೊಂದರಲ್ಲಿ ಗಂಟು ಬಿಚ್ಚಿದೆ. ಪೊಟ್ಟಣ ಇರಲಿಲ್ಲ. ಅಕ್ಕಿಯ ತುಂಬಾ ಅದರದೇ ಬಣ್ಣದ ಗಸಗಸೆ ಬೆರೆತಿತ್ತು, ಬೆಲ್ಲಕ್ಕೂ ಮೆತ್ತಿತ್ತು. ಕಾಳು ಎಷ್ಟು ಸಣ್ಣದೆಂದು ಆವತ್ತು ಸರಿಯಾಗಿ ನೋಡಿದೆ. ಇಂಥ ಒಂದು ಕಾಳು ಉಗುರಲ್ಲಿ ಉಳಿದರೂ ಸೊಣ್ಣಪ್ಪನ ಗತಿಯೇ. ಜೈಲಿನಲ್ಲಿ ಹೆರಿಗೆಯಾದರೆ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ಯೋಚನೆ ಬಂತು.

ಕದಿರೇಶನ ಟವೆಲಿಗೆ ಎಲ್ಲವನ್ನೂ ಸುರಿದು, ರವಿಕೆ ಕಣವನ್ನೂ ಅದರಲ್ಲೇ ಹಾಕಿದೆ. ಬಾಟಲಿ ನೀರಿನಲ್ಲಿ ಕೈ ತೊಳೆದೆ. ಕಾರು ಹತ್ತಲು ಹೋದವಳು ಬಾಗಿಲ ಹತ್ತಿರವೇ ನಿಂತೆ. ಅಮ್ಮ ಮೊದಲು ಹಾಕಿದ್ದು ಸೀರೆಯ ಸೆರಗಿಗೆ. ಆ ಸೀರೆ ಪೆಟ್ಟಿಗೆಯಲ್ಲಿದೆ.

ರಸ್ತೆ ಬದಿಯಲ್ಲೇ ಪೆಟ್ಟಿಗೆ ತೆರೆದು ಸೀರೆ ಕೊಡವಿದೆ. ಜರಿಯ ಸಂದಿಯಿಂದ ಕಾಳು ಉದುರಿದವು. ಸೀರೆಯನ್ನು ಕದಿರೇಶನಿಗೇ ಕೊಟ್ಟು, ಮಿಕ್ಕ ಬಟ್ಟೆಗಳನ್ನು ಒಂದೊಂದಾಗಿ ಕೊಡವಿದೆ. ಫ್ಯಾಕ್ಟರಿ ಪಾಳಿಗೆ ಹೊರಟಿದ್ದ ಹೆಂಗಸರು ನಿಂತು ನೋಡಿದರು. ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು, ಅಂದುಕೊಳ್ಳಲಿ.

"ಅಮ್ಮಂಗೆ ಏನೂ ಹೇಳಬೇಡ ಕಣೋ," ಎಂದೆ. ಅವನು ತಲೆಯಾಡಿಸಿದ.

ಶಾರ್ಜಾದಲ್ಲಿ ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆ ಪಕ್ಕಕ್ಕೆಳೆದ. ಬಟ್ಟೆ ಎತ್ತಿದ, ಬಾಚಣಿಗೆ ಎತ್ತಿದ, ನನ್ನ ಮುಖ ನೋಡಿದ. ಅವನು ಪೆಟ್ಟಿಗೆ ಮುಚ್ಚಿ, ಹೋಗು ಎಂದು ಕೈ ಮಾಡಿದ. ಕರೆದುಕೊಂಡು ಹೋಗಲು ಬಂದ ಶಿವಕುಮಾರ್ ಕೈ ಹಿಡಿದಾಗಲೂ ಯಾರೋ ಹಿಂದಿನಿಂದ ಕೂಗುತ್ತಾರೆ ಎಂದೇ ಅನ್ನಿಸುತ್ತಿತ್ತು.

ಮನೆ ಸೇರುವ ಮೊದಲೇ ಅಮ್ಮನ ವಿಡಿಯೋ ಕಾಲ್. ಗಂಟು ಬಿಚ್ಚುವುದನ್ನು ಅವಳು ನೋಡಬೇಕಂತೆ. ಆಮೇಲೆ ಮಾಡುತ್ತೇನೆ ಎಂದು ಕಟ್ ಮಾಡಿ, ಕೆಳಗಿನ ಅಂಗಡಿಯಲ್ಲಿ ಅಕ್ಕಿ, ಬೆಲ್ಲ ತಂದೆ. ಒಂದು ಹಸಿರು ದುಪಟ್ಟಾದ ತುದಿ ಕತ್ತರಿಸಿ, ಅದರಲ್ಲಿ ಹಾಕಿ ಗಂಟು ಕಟ್ಟಿದೆ. ತನ್ನ ಮಡಿಲು ತಾನೇ ತುಂಬಿಕೊಂಡವಳನ್ನು ನಮ್ಮೂರಲ್ಲಿ ಯಾರೂ ಕಂಡಿರಲಾರರು. ಬಾಗಿಲ ಹೊರಗೆ ನಿಂತೆ. ನಮ್ಮ ಫ್ಲಾಟಿಗೆ ಹೊಸಿಲೂ ಇಲ್ಲ, ನೆಲದಲ್ಲಿ ಒಂದು ಅಲ್ಯೂಮಿನಿಯಂ ಪಟ್ಟಿ ಇದೆ. ಅದನ್ನು ಬಲಗಾಲಿಟ್ಟು ದಾಟಿ, ಅಮ್ಮನಿಗೆ ಕಾಲ್ ಮಾಡಿ ಫೋನಿನ ಮುಂದೆ ಕೂತೆ.

ಅಮ್ಮ ಫೋನಿನ ಹತ್ತಿರ ಮುಖ ತಂದು ಗಂಟು ನೋಡಿದಳು. ಅವಳ ಅರಿಶಿನದ ಬೆರಳಿನ ಗುರುತು ಆ ಬಟ್ಟೆಯ ಮೇಲೆ ಎಲ್ಲೂ ಇರಲಿಲ್ಲ. ಅವಳು ಅದನ್ನೇ ಹುಡುಕುತ್ತಿದ್ದಾಳೆಂದು ನನಗೆ ತಿಳಿಯಿತು. ಅವಳ ಹಿಂದೆ ಕದಿರೇಶ ತಲೆ ತಗ್ಗಿಸಿ ನಿಂತಿದ್ದ. ನನ್ನ ಮುಖದಲ್ಲಿದ್ದ ಭಯವೇ ಅವಳ ಮುಖಕ್ಕೂ ಬಂತು.

"ನಾನು ಕಟ್ಟಿದ್ದೇ ಅಲ್ವಾ," ಎಂದಳು ಕೊನೆಗೆ, ಕೇಳಿದ ಹಾಗಲ್ಲ, ತನಗೆ ತಾನೇ ಒಪ್ಪಿಸಿಕೊಂಡ ಹಾಗೆ. "ನಿಧಾನಕ್ಕೆ ಬಿಚ್ಚು ತಲ್ಲಿ. ಹೊಟ್ಟೆ ಜೋಪಾನ."

ಗಂಟು ಬಿಗಿಯಾಗಿತ್ತು. ನಾನೇ ಕಟ್ಟಿದ್ದಾದರೂ ಬಿಚ್ಚಲು ಬಹಳ ಹೊತ್ತು ಹಿಡಿಯಿತು.