ರಾತ್ರಿ ಬಸ್ಸಿನ ದಾರಿಗೆ ಹಗಲಿನ ತಯಾರಿ

ಆ ಬೀದಿಯವರೆಲ್ಲ ಅವಳನ್ನು ಸೀಟಕ್ಕ ಎಂದೇ ಕರೆಯುತ್ತಿದ್ದರು. ಹರಿದ ಸೀಟು, ಕುಸಿದ ಸೀಟು, ಬೆಕ್ಕು ಪರಚಿದ ಸೀಟು, ಯಾವುದನ್ನೇ ಬಿಚ್ಚಿ ತಂದು ಮುಂದಿಟ್ಟರೂ ಒಳಗಿನ ಸ್ಪಂಜು ಬದಲಾಯಿಸಿ, ಮೇಲೆ ಹೊಸ ರೆಕ್ಸಿನ್ ಹೊಲಿದು, ಕೂತವರಿಗೆ ಏಳಲು ಮನಸ್ಸೇ ಬಾರದಂತೆ ಮಾಡಿಕೊಡುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ನೆಲದ ತುಂಬ ಸ್ಪಂಜಿನ ಚೂರು. ಹೊಲಿದ ಸೀಟುಗಳನ್ನು ಗ್ಯಾರೇಜುಗಳಿಗೆ ಮುಟ್ಟಿಸಲು ಒಂದು ಮೋಟಾರ್‌ಸೈಕಲ್. ಮದುವೆಯಾದ ಹೊಸದರಲ್ಲೇ ತಮ್ಮನ ಬೆನ್ನು ಬಿದ್ದು ಓಡಿಸಲು ಕಲಿತಿದ್ದಳು. ಊರಿನ ಸಂದಿಗೊಂದಿಗಳೆಲ್ಲ ಅವಳಿಗೆ ಗೊತ್ತು. ಊರಾಚೆ ಮಾತ್ರ ಅವಳೂ ಹೋದದ್ದಿಲ್ಲ, ಅವಳ ಬೈಕೂ ಹೋದದ್ದಿಲ್ಲ.

ಗಂಡ ಬಸ್ ಡ್ರೈವರ್. ಸರ್ವೀಸಿನ ಉದ್ದಕ್ಕೂ ಅವನಿಗೆ ಸಿಕ್ಕಿದ್ದು ರಾತ್ರಿ ಬಸ್ಸು. ಸಂಜೆ ಊಟ ಮುಗಿಸಿ ಹೊರಟರೆ ಬೆಟ್ಟಗಳನ್ನು ಹತ್ತಿಳಿದು ಬೆಳಗಾಗುವಷ್ಟರಲ್ಲಿ ಕಡಲ ದಂಡೆಯ ಬಂದರು. ಹಗಲೆಲ್ಲ ಅಲ್ಲಿನ ಡಿಪೋದಲ್ಲಿ ನಿದ್ದೆ, ಕತ್ತಲಾದ ಮೇಲೆ ಅದೇ ದಾರಿಯಲ್ಲಿ ವಾಪಸ್ಸು. ಹೋದ ವರ್ಷ ಒಂದು ಕಣ್ಣಿನ ನರ ಸೋತಿತು. ಇನ್ನು ಯಾವ ಗಾಡಿಯನ್ನೂ ಓಡಿಸುವಂತಿಲ್ಲ ಎಂದು ವೈದ್ಯರು ಹೇಳಿಬಿಟ್ಟರು. ಅಂದಿನಿಂದ ಅವನು ಹೆಂಡತಿಯ ಅಂಗಡಿಯಲ್ಲಿ ಕೂತು ಹಳೆಯ ಸೀಟುಗಳ ಪಿನ್ನು ಕೀಳುತ್ತಿದ್ದ. ಪಿನ್ನು ಕೀಳುತ್ತಲೇ ಬಾಯಲ್ಲಿ ಬಸ್ಸು ಓಡಿಸುತ್ತಿದ್ದ.

"ಮೊದಲನೇ ಬೆಟ್ಟದ ನೆತ್ತಿ ಹತ್ತಿರ ಒಂದು ತಿರುವಿದೆ ಕಣೇ. ಮುಗೀತು ಅಂದ್ಕೊಳ್ಳೋ ಹೊತ್ತಿಗೆ ಮತ್ತೆ ಒಳಗೆ ಮುರಿಯುತ್ತೆ. ಹೊಸಬರು ಅಲ್ಲೇ ಮೋಸ ಹೋಗೋದು."

"ಆ ತಿರುವಿನ ಪಕ್ಕದಲ್ಲಿ ಏನಿದೆ?" ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ.

ಅವನು ಯೋಚಿಸಿದ. ಪಿನ್ನು ಕೀಳುವ ಕೈ ನಿಂತಿತು. "ಪಕ್ಕದಲ್ಲಾ? ಕತ್ತಲೆ. ಇನ್ನೇನಿರುತ್ತೆ?"

ಸೀಟಕ್ಕನಿಗೆ ನಗು ತಡೆಯಲಾಗಲಿಲ್ಲ. ಯಂತ್ರ ನಿಲ್ಲಿಸಿ, ಸೀಟಿನ ಮೇಲೆ ತಲೆ ಇಟ್ಟು ನಕ್ಕಳು. ಅವನು ಮೊದಲು ಮುಖ ಗಂಟಿಕ್ಕಿಕೊಂಡ, ಆಮೇಲೆ ತಾನೂ ನಕ್ಕ. ನಗು ಇಳಿದ ಮೇಲೆ ಅವಳೇ ಹೇಳಿದಳು: "ಹೋಗಿ ನೋಡ್ಕೊಂಡು ಬರೋಣ ಬನ್ನಿ. ಬಂದರಿನ ತನಕ. ನಾನು ಓಡಿಸ್ತೀನಿ, ನೀವು ಹಿಂದೆ ಕೂತ್ಕೊಳ್ಳಿ. ಹಗಲು ಹೊತ್ತಲ್ಲೇ ಹೋಗೋಣ, ಕತ್ತಲಾದ ಕಡೆ ತಂಗೋಣ."

ತಮಾಷೆಗೆ ಹುಟ್ಟಿದ ಮಾತು ವಾರ ಕಳೆಯುವಷ್ಟರಲ್ಲಿ ಮನೆಯನ್ನೆಲ್ಲ ಹಿಡಿದುಕೊಂಡಿತು. ತಮ್ಮ ಎರಡು ಬೀದಿ ಆಚೆ ಗ್ಯಾರೇಜು ಇಟ್ಟುಕೊಂಡಿದ್ದ ಮೆಕ್ಯಾನಿಕ್. ಸುದ್ದಿ ಕೇಳಿ ಅಕ್ಕನ ಮುಖವನ್ನೂ ಬೈಕಿನ ಮುಖವನ್ನೂ ಸರದಿಯ ಮೇಲೆ ನೋಡಿದ. "ಇಬ್ಬರಲ್ಲಿ ಯಾರಿಗೆ ಮೊದಲು ರಿಪೇರಿ ಮಾಡ್ಲಿ?" ಎಂದ. ಹಾಗೆಂದವನೇ ಚೈನು ಬದಲಾಯಿಸಿದ, ಹಿಂದಿನ ಬ್ರೇಕಿಗೆ ಹೊಸ ಶೂ ಹಾಕಿದ, ಸವೆದಿದ್ದ ಟಯರನ್ನು ಕಿತ್ತು ಮೂಲೆಗೆ ಎಸೆದ. ಸೀಟಕ್ಕ ದಪ್ಪ ಕ್ಯಾನ್ವಾಸಿನಲ್ಲಿ ಹಿಂದಿನ ಚಕ್ರದ ಎರಡೂ ಬದಿಗೆ ಜೋತುಬೀಳುವ ಚೀಲಗಳನ್ನು ಹೊಲಿದಳು. ನೀರು ಒಳನುಗ್ಗದಂತೆ ಬಾಯಿಯನ್ನು ಮೂರು ಮಡಿಕೆ ಸುತ್ತಿ ಬಕಲ್ ಹಾಕಿದಳು. ಜಗತ್ತಿನ ಸೀಟನ್ನೆಲ್ಲ ಸರಿಮಾಡಿದವಳ ಸ್ವಂತ ಬೈಕಿನ ಸೀಟು ಹಲಗೆಯಂತಿತ್ತು. ಅದನ್ನೂ ಬಿಚ್ಚಿದಳು. ಹಿಂದೆ ಕೂರುವವನ ಜಾಗಕ್ಕೆ ಒಳ್ಳೆಯ ಸ್ಪಂಜನ್ನು ಒಂದು ಪದರ ಹೆಚ್ಚಿಗೇ ಇಟ್ಟಳು.

ಸಾಮಾನು ಕಟ್ಟುವ ಕೆಲಸವನ್ನು ಗಂಡ ತಾನಾಗಿ ಮೈಮೇಲೆ ಹಾಕಿಕೊಂಡ. ಅಲ್ಲೇ ಎಡವಟ್ಟಾದದ್ದು. ಅವನ ಕಣ್ಣಿಗೆ ಇನ್ನೂ ಬಸ್ಸಿನ ಸಾಮಾನಿನ ಡಿಕ್ಕಿಯೇ ಕಟ್ಟಿತ್ತು. ಸ್ಟವ್ವು, ಎರಡು ಪಾತ್ರೆ, ದಪ್ಪ ಕಂಬಳಿಗಳು, ಟಾರ್ಪಾಲು, ಲಾರಿಗೂ ಸಾಲುವಂಥ ಹಗ್ಗ, ತಮ್ಮನ ಗ್ಯಾರೇಜಿನಿಂದ ಎತ್ತಿಕೊಂಡು ಬಂದ ಕಬ್ಬಿಣದ ಟೂಲ್ ಬಾಕ್ಸು.

"ಭಾವ, ಆ ಬಾಕ್ಸಿನಲ್ಲಿರೋ ಅರ್ಧ ಸ್ಪ್ಯಾನರ್ ಈ ಗಾಡೀಗೆ ಹತ್ತೋದೇ ಇಲ್ಲ" ಎಂದ ತಮ್ಮ.

"ದಾರೀಲಿ ಬೇರೆಯವರ ಗಾಡಿ ಕೆಟ್ಟು ನಿಂತಿದ್ರೆ?"

ತಮ್ಮ ಅಕ್ಕನ ಪಕ್ಕಕ್ಕೆ ಸರಿದ. "ಒಂದು ಸಲ ಇಷ್ಟನ್ನೂ ಹೇರಿಕೊಂಡು ಮೊದಲನೇ ಬೆಟ್ಟದ ತನಕ ಹೋಗಿ ಬನ್ನಿ ಅಕ್ಕ. ಗಾಡಿಯೇ ಬುದ್ಧಿ ಹೇಳುತ್ತೆ" ಎಂದು ಅಕ್ಕನ ಕಿವಿಯಲ್ಲಿ ಹೇಳಿದ.

ರಜೆಯ ದಿನ ತಿಂಡಿ ತಿಂದು ಇಬ್ಬರೂ ಹೊರಟರು. ಬೀದಿಯ ತುದಿ ದಾಟುವಷ್ಟರಲ್ಲೇ ಸೀಟಕ್ಕನಿಗೆ ಗೊತ್ತಾಯಿತು, ಇದು ತನಗೆ ಗೊತ್ತಿದ್ದ ಗಾಡಿಯಲ್ಲ. ಹಿಂದಿನ ಭಾರಕ್ಕೆ ಮುಂದಿನ ಚಕ್ರ ಹಗುರಾಗಿ, ಹ್ಯಾಂಡಲ್ಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಅದು ಸಾಲದೆಂದು ಹಿಂದಿನಿಂದ ಹುಕುಂಗಳು ಶುರುವಾದವು. ಗೇರು ಇಳಿಸು. ಹಾರನ್ ಹೊಡಿ. ಲಾರಿ ಹಿಂದೆ ಅಷ್ಟು ಹತ್ತಿರ ಹೋಗ್ಬೇಡ. ಹೆಲ್ಮೆಟ್ಟಿನೊಳಗಿಂದ ಕೂಗುತ್ತಿದ್ದ ಅವನ ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು. ಉಳಿದರ್ಧವೇ ಅವಳ ತಲೆ ಚಿಟ್ಟು ಹಿಡಿಸಲು ಸಾಕಾಗಿತ್ತು.

ಬೆಟ್ಟದ ದಾರಿ ಶುರುವಾದ ಮೇಲೆ ಇನ್ನೊಂದು ಫಜೀತಿ. ತಿರುವಿನಲ್ಲಿ ಅವಳು ಗಾಡಿಯನ್ನು ಎಡಕ್ಕೆ ಬಾಗಿಸಿದರೆ ಅವನು ಬಲಕ್ಕೆ ಸೆಟೆದು ಕೂರುತ್ತಿದ್ದ. ಬಲಕ್ಕೆ ಬಾಗಿಸಿದರೆ ಎಡಕ್ಕೆ. ಗಾಡಿ ಇಬ್ಬರ ನಡುವೆ ಸಿಕ್ಕಿಹಾಕಿಕೊಂಡು ರಸ್ತೆಯ ನಡುವಿಗೆ ಹೋಗುತ್ತಿತ್ತು. ನಾಲ್ಕಾರು ತಿರುವು ಹಾಗೇ ದಾಟಿ, ಉಸಿರು ಬಿಡೋಣವೆಂದು ಅವಳು ರಸ್ತೆ ಬದಿಯ ಜಲ್ಲಿಯ ಮೇಲೆ ನಿಧಾನಕ್ಕೆ ಇಳಿಸುತ್ತಿದ್ದಾಗ ಅವನು "ಬ್ರೇಕ್" ಎಂದು ಕೂಗಿದ. ಬೆಚ್ಚಿ ಹಿಡಿದಳು. ಅವನು ಒಂದು ಕಡೆ ವಾಲಿದ, ಅವಳ ಕಾಲು ಜಲ್ಲಿಯಲ್ಲಿ ಜಾರಿತು. ಗಾಡಿ ಹಸುವಿನ ಹಾಗೆ ಮೆಲ್ಲಗೆ ಮಲಗಿತು. ಕಂಬಳಿ ತುಂಬಿದ ಚೀಲದ ಮೇಲೆ ಮಲಗಿದ್ದರಿಂದ ಗಾಡಿಗೂ ಏನೂ ಆಗಲಿಲ್ಲ, ಅವರಿಗೂ ಏನೂ ಆಗಲಿಲ್ಲ. ಇಬ್ಬರೂ ಧೂಳು ಕೊಡವಿಕೊಂಡು ಎದ್ದರು.

"ಅಷ್ಟು ಗೊತ್ತಿದ್ರೆ ನೀವೇ ಓಡಿಸಿ" ಎಂದುಬಿಟ್ಟಳು ಸೀಟಕ್ಕ.

ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಅವನು ಹೆಲ್ಮೆಟ್ ತೆಗೆದು ತಡೆಗೋಡೆಯ ಮೇಲೆ ಕೂತ. ಬಸ್ಸೊಂದು ಉಸ್ಸೆನ್ನುತ್ತ ಬೆಟ್ಟ ಹತ್ತಿ ಹೋಯಿತು. ಅವನ ಬಲಗಾಲು ತನಗೆ ತಾನೇ ನೆಲವನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿದ್ದನ್ನು ಅವಳು ನೋಡಿದಳು. ಹೋಗಿ ಪಕ್ಕದಲ್ಲಿ ಕೂತಳು.

"ತಪ್ಪಾಯ್ತು ರೀ."

"ನಿನ್ನದೇನೂ ತಪ್ಪಿಲ್ಲ. ಕೈಯಲ್ಲಿ ಹಿಡಿಯೋಕೆ ಏನೂ ಇಲ್ಲ ನೋಡು, ಅದಕ್ಕೇ." ಅವನು ಖಾಲಿ ಕೈಗಳನ್ನು ತೋರಿಸಿದ. "ತಿರುವು ಬಂದ ತಕ್ಷಣ ಬಿದ್ದೇಬಿಡ್ತೀನಿ ಅನ್ಸುತ್ತೆ. ಬಸ್ಸು ಹೀಗೆ ಬಾಗಿದ್ರೆ ಕಥೆ ಮುಗಿದ ಹಾಗೇ. ಮೈ ಒಪ್ಪಲ್ಲ."

ಸೀಟಕ್ಕ, ತಮ್ಮನ ಹಿಂದೆ ಕೂತು ಕಲಿತ ದಿನಗಳಲ್ಲಿ ಅವನು ತನಗೆ ಹೇಳಿದ್ದನ್ನು ನೆನಪು ಮಾಡಿಕೊಂಡಳು. "ಬಾಗ್ಬೇಕು ಅಂತ ಬಾಗೋಕೆ ಹೋಗ್ಬೇಡಿ. ಎಡಕ್ಕೆ ತಿರುಗಿದ್ರೆ ನನ್ನ ಎಡಭುಜದ ಮೇಲಿಂದ ದಾರಿ ನೋಡಿ, ಬಲಕ್ಕಾದ್ರೆ ಬಲಭುಜದ ಮೇಲಿಂದ. ಅಷ್ಟೇ. ಮಿಕ್ಕಿದ್ದನ್ನ ಮೈ ತಾನೇ ನೋಡ್ಕೊಳ್ಳುತ್ತೆ."

"ಬಾಯಿ?"

"ಬಾಯಿಗೆ ಬೀಗ. ಆದ್ರೆ ಈ ದಾರಿ ನನಗೆ ಹೊಸದು, ನಿಮಗೆ ಹಳೇದು. ಮುಂದೆ ಕಷ್ಟದ ತಿರುವಿದ್ರೆ ಮೊದಲೇ ಬೆನ್ನು ತಟ್ಟಿ. ನಿಧಾನ ಮಾಡ್ತೀನಿ."

ಇಬ್ಬರೂ ಸೇರಿ ಗಾಡಿ ಎತ್ತಿದರು. ಮೊದಲ ತಿರುವಿನಲ್ಲಿ ಅವನು ಮರದ ಕೊರಡಿನಂತೆಯೇ ಕೂತಿದ್ದ, ಆದರೆ ಎದುರಿಗೆ ಸೆಟೆಯಲಿಲ್ಲ. ಎರಡನೆಯದರಲ್ಲಿ ಅವನ ಹೆಲ್ಮೆಟ್ಟು ಅವಳ ಎಡಭುಜದ ಬಳಿ ಬಂದಿತು. ಆಮೇಲೆ ಹತ್ತುತ್ತ ಹೋದಂತೆ ಗಾಡಿ ಸಡಿಲವಾಗಿ ತಿರುಗತೊಡಗಿತು. ಅವಳ ಮುಷ್ಟಿಯ ಬಿಗಿಯೂ ಕಡಿಮೆಯಾಯಿತು. ನೆತ್ತಿ ಹತ್ತಿರವಾದಾಗ ಬೆನ್ನ ಮೇಲೆ ಎರಡು ಏಟು ಬಿದ್ದವು. ನಿಧಾನ ಮಾಡಿದಳು. ತಿರುವು ಮುಗಿಯಿತು ಎನ್ನುವಷ್ಟರಲ್ಲಿ ರಸ್ತೆ ಮತ್ತೆ ಒಳಕ್ಕೆ ಮುರಿಯಿತು, ಆ ಮುರಿತದ ಮೂಲೆಯಲ್ಲಿ ಎದುರಿಗೊಂದು ಲಾರಿ. ಗಾಡಿಯನ್ನು ಅಂಚಿಗೆ ಹಿಡಿದು ಆರಾಮಾಗಿ ದಾಟಿದಳು. ಕತ್ತಲೆಯಲ್ಲಿ ಕಲಿತದ್ದನ್ನು ಅವನ ಮೈ ಮರೆತಿರಲಿಲ್ಲ.

ಅದರಾಚೆ ರಸ್ತೆ ಅಗಲವಾಯಿತು. ಅವನು ನಿಲ್ಲಿಸಲು ಹೇಳಿದ. ಇಳಿದು, ಹೆಲ್ಮೆಟ್ ಕೈಯಲ್ಲಿ ಹಿಡಿದು, ಬಲಗಡೆಗೆ ತಿರುಗಿ ಹಾಗೇ ನಿಂತುಬಿಟ್ಟ.

ಅಲ್ಲಿ ಕೆರೆಯಿತ್ತು. ಸಣ್ಣದಲ್ಲ, ಆಚೆ ದಡದ ಮರಗಳು ಕಡ್ಡಿಗಳಂತೆ ಕಾಣುವಷ್ಟು ದೊಡ್ಡದು. ಬಿಸಿಲಿಗೆ ನೀರೆಲ್ಲ ಹೊಳೆಯುತ್ತಿತ್ತು.

"ಇಲ್ಲೇ ಬಸ್ಸು ನಿಲ್ಲಿಸ್ತಾ ಇದ್ದದ್ದು, ಇಂಜಿನ್ ತಣ್ಣಗಾಗ್ಲಿ ಅಂತ" ಎಂದ ನಿಧಾನವಾಗಿ. "ದಿನಾ. ನಾನು ಇದನ್ನ ಬಯಲು ಅಂದ್ಕೊಂಡಿದ್ದೆ ಕಣೇ. ಪ್ಯಾಸೆಂಜರ್‌ಗಳಿಗೂ ಹೇಳ್ತಿದ್ದೆ, ಆ ಕಡೆ ಬಯಲಿದೆ, ಬೇಕಾದವರು ಹೋಗಿ ಬನ್ನಿ ಅಂತ."

"ಅಯ್ಯೋ, ಯಾರೂ ನೀರಿಗೆ ಬೀಳ್ಲಿಲ್ವಾ?"

"ಎಲ್ರೂ ವಾಪಸ್ ಬರ್ತಿದ್ರು. ತಲೆ ಎಣಿಸಿಯೇ ಹೊರಡ್ತಾ ಇದ್ದದ್ದು." ಇನ್ನೊಂದು ಸ್ವಲ್ಪ ಹೊತ್ತು ನೋಡಿ ಸೇರಿಸಿದ: "ಕೆಲವರ ಪ್ಯಾಂಟು ಮಾತ್ರ ಒದ್ದೆಯಾಗಿರ್ತಿತ್ತು. ಇಬ್ಬನಿ ಇರ್ಬೇಕು ಅಂದ್ಕೊಂಡಿದ್ದೆ."

ಸೀಟಕ್ಕ ನಗುತ್ತ ನೆಲಕ್ಕೇ ಕೂತಳು. ಈ ಸಲ ಅವನು ಮುಖ ಗಂಟಿಕ್ಕಲಿಲ್ಲ. ಪಕ್ಕದಲ್ಲಿ ಕೂತು, ಫ್ಲಾಸ್ಕಿನ ಚಹಾ ಬಗ್ಗಿಸಿ ಮೊದಲು ಅವಳಿಗೆ ಕೊಟ್ಟ. ಒಂದೇ ಕಣ್ಣಿಗೆ ಅಷ್ಟೆಲ್ಲ ನೀರು ಹಿಡಿಸದೆಂಬಂತೆ ತಲೆಯನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸುತ್ತ ನೋಡುತ್ತಲೇ ಇದ್ದ. ಅವಳಿಗೆ ಕೆರೆಗಿಂತ ಅವನನ್ನು ನೋಡುವುದೇ ಚೆನ್ನಾಗಿತ್ತು. ಹಗಲು ಹೊತ್ತಿನಲ್ಲಿ ಅವನು ಇಷ್ಟು ಎಚ್ಚರವಾಗಿದ್ದದ್ದನ್ನು ಅವಳು ಮದುವೆಯಾದಾಗಿನಿಂದ ಹೆಚ್ಚು ಕಂಡಿರಲಿಲ್ಲ.

ಮನೆಗೆ ಬಂದವರೇ ಚೀಲಗಳನ್ನು ಅಂಗಡಿಯ ನೆಲದ ಮೇಲೆ ಸುರಿದರು. ಹಗ್ಗ ಹೋಯಿತು, ಪಾತ್ರೆಗಳು ಹೋದವು. ಸ್ಟವ್ವಿನ ವಿಷಯದಲ್ಲಿ ಸ್ವಲ್ಪ ಜಗ್ಗಾಟ ನಡೆದು, ದಾರಿಯಲ್ಲಿ ಹೋಟೆಲುಗಳಿವೆ ಎಂದು ಅವನೇ ಒಪ್ಪಿಕೊಂಡ. ಟೂಲ್ ಬಾಕ್ಸನ್ನು ತಮ್ಮ ಕೇಳದೆಯೇ ಹೊತ್ತುಕೊಂಡು ಹೋಗಿ, ಬೇಕಾದಷ್ಟು ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ಹಿಂದಿನ ಶಾಕ್ ಅಬ್ಸಾರ್ಬರನ್ನು ಬಿಗಿ ಮಾಡಿ, ಇಬ್ಬರನ್ನೂ ಗಾಡಿಯ ಮೇಲೆ ಕೂರಿಸಿ, ಸುತ್ತು ಹಾಕಿ ನೋಡಿದ. "ಈಗ ಗಾಡಿ ಥರ ಕಾಣ್ತಿದೆ. ಮೊದಲು ಮನೆ ಖಾಲಿ ಮಾಡಿ ಹೊರಟವರ ಥರ ಇದ್ರಿ."

ಹೊರಡುವ ದಿನ ಬೆಳಿಗ್ಗೆ ಸೀಟಕ್ಕ ಅಂಗಡಿಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ತಮ್ಮನ ಕೈಗಿತ್ತಳು. ಬೀದಿಯವರು ಕಿಟಕಿಗಳಿಂದ ಕೈಬೀಸಿದರು. ಪೆಟ್ರೋಲ್ ಬಂಕು, ಉಗ್ರಾಣಗಳು, ಕಡೆಯ ಸಿಗ್ನಲ್ಲು, ಒಂದೊಂದಾಗಿ ಹಿಂದೆ ಬಿದ್ದವು. ಹಿಂದಿನಿಂದ ಮಾತಿಲ್ಲ. ಎಷ್ಟು ಹೊತ್ತಾದರೂ ಮಾತಿಲ್ಲದ್ದರಿಂದ ಅವಳಿಗೇ ಯೋಚನೆಯಾಗಿ ಕನ್ನಡಿಯಲ್ಲಿ ನೋಡಿದಳು. ಅವನು ಹೆಲ್ಮೆಟ್ಟಿನ ಗಾಜು ಮೇಲೆತ್ತಿಕೊಂಡು, ರಸ್ತೆ ಬದಿಯ ಇಟ್ಟಿಗೆ ಗೂಡಿನಿಂದ ಏಳುತ್ತಿದ್ದ ಹೊಗೆಯನ್ನು ಕುತ್ತಿಗೆ ತಿರುಗುವಷ್ಟೂ ತಿರುಗಿಸಿ ನೋಡುತ್ತಿದ್ದ.

"ನಿಲ್ಲಿಸ್ಲಾ?" ಎಂದು ಕೂಗಿ ಕೇಳಿದಳು.

"ಒಂದೈದು ನಿಮಿಷ" ಎಂದ ಅವನು.

ಸೀಟಕ್ಕ ಗೇರು ಇಳಿಸಿ, ಗಾಡಿಯನ್ನು ಮೆಲ್ಲಗೆ ಮರದ ನೆರಳಿಗೆ ತಂದಳು.