ತೂಬಿನ ಬಾಯಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಹೊಂಗೆಕೆರೆ ಏರಿಯ ಮೇಲೆ ಇಪ್ಪತ್ತು ಜನ ಸೇರಿದ್ದರು. ಎಲ್ಲರ ಕಾಲಲ್ಲೂ ಬೂಟು, ರಾಮಲಕ್ಷ್ಮಮ್ಮನ ಕಾಲಲ್ಲಿ ಮಾತ್ರ ಹವಾಯಿ ಚಪ್ಪಲಿ. ಕೆ.ಆರ್. ಪುರದ ಆಚೆಯ ಈ ಊರಿಗೆ ಸೊಸೆಯಾಗಿ ಬಂದು ನಲವತ್ತೆಂಟು ವರ್ಷ. ಇದೇ ಏರಿಯ ಮೇಲೆ ಮಾವನಿಗೆ ದಿನಾ ಬುತ್ತಿ ಹೊತ್ತವಳಿಗೆ ಈಗ ಏರಿ ತೋರಿಸಲು ಒಬ್ಬ ಗೈಡು! ನಗು ಬಂತು, ನುಂಗಿಕೊಂಡಳು. ಅವಳು ನಗಲು ಬಂದವಳಲ್ಲ.

ಗೈಡು ಎಂದರೆ ಎದುರಿನ ಅಪಾರ್ಟ್‌ಮೆಂಟಿನ ಲಕ್ಷ್ಮಿಕಾಂತ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕೆರೆ ಉಳಿಸುವ ಗುಂಪು ಕಟ್ಟಿಕೊಂಡು, ತಿಂಗಳಿಗೊಮ್ಮೆ ಹೀಗೆ ಜನರನ್ನು ಸುತ್ತಿಸುತ್ತಿದ್ದ. ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿದ್ದ ನೀರುಕಾಗೆ ತೋರಿಸಿದ, ಜೊಂಡಿನೊಳಗೆ ಮುಳುಗೇಳುತ್ತಿದ್ದ ಗುಳುಮುಳುಕ ತೋರಿಸಿದ. ಹಕ್ಕಿಯ ವಿಷಯದಲ್ಲಿ ಇವನು ತನಗಿಂತ ಬುದ್ಧಿವಂತನೇ ಎಂದು ರಾಮಲಕ್ಷ್ಮಮ್ಮ ಒಪ್ಪಿಕೊಂಡಳು. ಕಲ್ಲಿನ ವಿಷಯ ಬಂದಾಗ ನೋಡೋಣ ಎಂದುಕೊಂಡಳು.

ಏರಿಯ ನಡುಮಧ್ಯದಲ್ಲಿ ಆ ಕಲ್ಲು ಬಂತು. ನೀರಂಚಿನಿಂದ ಎದ್ದ ಎರಡು ಕಂಬ, ಅವುಗಳ ಮೇಲೊಂದು ಅಡ್ಡಕಲ್ಲು.

“ಇದು ಹಳೇ ಕಾಲದ ಉಯ್ಯಾಲೆ ಕಂಬ,” ಎಂದ ಲಕ್ಷ್ಮಿಕಾಂತ. “ಊರ ಹೆಣ್ಮಕ್ಕಳು ಹಬ್ಬದಲ್ಲಿ ಇಲ್ಲಿ ಜೀಕ್ತಿದ್ರು. ನಾಳೆ ಜೆಸಿಬಿ ಬರುತ್ತೆ. ಕಂಬ ಕಿತ್ತು ಗೇಟ್ ಹತ್ರ ನಿಲ್ಸಿ, ನಿಜವಾದ ಉಯ್ಯಾಲೆ ಕಟ್ತೀವಿ. ಹಿತ್ತಾಳೆ ಸರಪಳಿ ಕೆಂಪರಾಜ್ ಅವರ ಕೊಡುಗೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ರಾಮಲಕ್ಷ್ಮಮ್ಮನ ಮಗ ಕೆಂಪರಾಜ್ ಕೈಮುಗಿದ. ನಿನ್ನೆ ಊಟಕ್ಕೆ ಕೂತಾಗ ಅವನ ಬಾಯಿಂದ ಈ ಸುದ್ದಿ ಕೇಳಿಯೇ ಅವಳು ಇವತ್ತು ಇಲ್ಲಿಗೆ ಬಂದಿದ್ದಳು.

“ಅದು ಉಯ್ಯಾಲೆ ಅಲ್ಲ ಸಾರ್, ತೂಬು,” ಎಂದಳು. ಚಪ್ಪಾಳೆ ನಿಂತಿತು. “ಅಡ್ಡಕಲ್ಲಲ್ಲಿ ತೂತೈತೆ ನೋಡಿ. ಅದ್ರಾಗೆ ಗಳ ಇಳಿಬಿಟ್ಟು ತಳದ ಕಿಂಡಿ ಮುಚ್ತಿದ್ರು. ಗಳ ಎತ್ತಿದ್ರೆ ನೀರು ಏರಿ ಕೆಳಗಿಂದ ಗದ್ದೆಗೆ ಹೋಗೋದು. ನಮ್ಮ ಮಾವ ನೀರುಗಂಟಿ. ನೀರು ಬಿಡೋರು, ನಿಲ್ಸೋರು ಅವರೇ. ವರ್ಷದ ಮೊದಲ ನೀರು ಬಿಡೋ ದಿನ ಆ ಕಲ್ಲಿನ ಮೇಲೆ ತಂಬಿಟ್ಟಿನ ದೀಪ ಇಡೋರು, ನಾನೇ ತಂಬಿಟ್ಟು ಮಾಡ್ಕೊಡ್ತಿದ್ದೆ. ಕಂಬ ಕಿತ್ರೆ ಏರಿ ಸಡಿಲ ಆಗುತ್ತೆ. ಮಳೇಲಿ ಒಡೆದ್ರೆ ಕೆಳಗಿರೋ ಮನೆಗಳ ಗತಿ ಏನು?”

ಲಕ್ಷ್ಮಿಕಾಂತ ಸಿಡುಕುವ ಮನುಷ್ಯನಲ್ಲ. “ಅಮ್ಮಾ, ನಮಗೂ ಅನುಮಾನ ಇತ್ತು. ತೂಬಾಗಿದ್ರೆ ಏರಿಯ ಆಚೆ ನೀರು ಹೊರಬೀಳೋ ಬಾಯಿ ಇರ್ಬೇಕಲ್ವಾ? ಹುಡುಕಿದ್ವಿ, ಎಲ್ಲೂ ಇಲ್ಲ. ಉಯ್ಯಾಲೆ ಅಂತ ಹೇಳಿದ್ದು ನಿಮ್ಮ ಮಗನೇ.”

ಅವಳು ಮಗನನ್ನು ನೋಡಿದಳು. ಮಗ ಕೆರೆ ನೋಡುತ್ತಿದ್ದ, ಈವರೆಗೆ ಕಂಡೇ ಇರದವನ ಹಾಗೆ.

ಬಾಯಿ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಹನ್ನೊಂದು ವರ್ಷದ ಕೆಳಗೆ, ಏರಿಗೆ ಅಂಟಿಕೊಂಡಿದ್ದ ಗದ್ದೆಯಲ್ಲಿ ಕೆಂಪರಾಜ್ ಬಾಡಿಗೆಗೆಂದು ಸಾಲಾಗಿ ಮೂರು ರೂಮು ಕಟ್ಟಿಸಿದ. ತೂಬಿನ ಬಾಯಿ, ಅದರ ಕಾಲುವೆ, ಎರಡೂ ಮೂರನೇ ರೂಮಿನ ನೆಲದಡಿ ಹೋದವು. ಕಾಲುವೆ ಮೇಲೆ ಬೇಡ ಕಣೋ ಎಂದಿದ್ದಳು. ನೀರು ಬಿಟ್ಟು ಎಷ್ಟು ವರ್ಷ ಆಯ್ತು, ಯಾರು ಕೇಳ್ತಾರೆ ಎಂದಿದ್ದ. ಅವಳು ಸುಮ್ಮನಾದಳು. ಸುಮ್ಮನಾಗಿದ್ದಷ್ಟೇ ಅಲ್ಲ, ಗೃಹಪ್ರವೇಶದ ತೆಂಗಿನಕಾಯಿಯನ್ನೂ ತಾನೇ ಒಡೆದಳು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತಿತ್ತು. ಈಗ ಬಾಯಿ ತೋರಿಸಿದರೆ ಕಾಲುವೆ ಒತ್ತುವರಿಯೆಂದು ಸರ್ವೆಯವರು ಅಳೆಯಲು ಬರುತ್ತಾರೆ, ರೂಮು ಹೋಗುತ್ತದೆ. ತೋರಿಸದಿದ್ದರೆ ನಾಳೆ ತೂಬು ಹೋಗುತ್ತದೆ.

ಕೆಂಪರಾಜ್ ಹತ್ತಿರ ಬಂದು ಮೊಣಕೈ ಹಿಡಿದ. “ಅಮ್ಮಾ, ಸುಮ್ನಿರು. ಮನೆ ಮರ್ಯಾದೆ ಬೀದಿಗೆ ತರ್ಬೇಡ.”

ಅವಳು ಕೈ ಕೊಸರಿಕೊಂಡಳು. “ಬನ್ನಿ ಸಾರ್. ತೋರಿಸ್ತೀನಿ.”

ಹೊಂಗೆ ಮರ ಹಿಡಿದುಕೊಂಡು ಏರಿ ಇಳಿದಳು. ಒಂದು ಜೊತೆ ಹವಾಯಿ ಚಪ್ಪಲಿಯ ಹಿಂದೆ ಅಷ್ಟೂ ಬೂಟುಗಳು ಇಳಿದವು.

ಮೂರನೇ ರೂಮಿನಲ್ಲಿದ್ದವರು ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಮಾನಪ್ಪ ಮತ್ತು ಅವನ ಹೆಂಡತಿ ಜಟ್ಟೆಮ್ಮ. ಎಷ್ಟು ಸಿಮೆಂಟ್ ಬಳಿದರೂ ನೆಲ ಒಣಗುವುದಿಲ್ಲ ಎಂಬುದು ಅವರ ಎಂದಿನ ದೂರು. ಸೋರುವ ಪೈಪು ಎಂದು ಕೆಂಪರಾಜ್ ಸಾಗಹಾಕುತ್ತಿದ್ದ.

“ಮಾನಪ್ಪಾ, ಹಾರೆ ತಗೊಂಡು ಆ ಒದ್ದೆ ಮೂಲೆ ಒಡಿ.”

“ಒಡೀಲೇನ್ರಿ ಯವ್ವಾ?” ಮಾನಪ್ಪ ಕೆಂಪರಾಜನ ಮುಖ ನೋಡಿದ.

“ನೆಲ ಒಡದ್ರ ನಾವೆಲ್ಲಿಗಿ ಹೋಗೂಣ್ರಿ?” ಎಂದಳು ಜಟ್ಟೆಮ್ಮ.

“ನನ್ ರೂಮಿಗೆ. ಇವತ್ತೇ ಬಂದ್ಬಿಡಿ. ನಾನು ನಡುಮನೇಲಿ ಮಲಗ್ತೀನಿ.”

ಕೆಂಪರಾಜ್ ಬಾಗಿಲಿಗೆ ಅಡ್ಡ ನಿಂತ. “ಬಿಡಲ್ಲಮ್ಮ. ನಾನು ಕಷ್ಟಪಟ್ಟು ಕಟ್ಸಿದ್ದು.”

“ಏರಿ ಒಡೆದ ದಿನ ನೀರು ಮೊದಲು ನುಗ್ಗೋದು ಇದೇ ರೂಮಿಗೆ. ಇವರಿಬ್ರೂ ಒಳಗೆ ಮಲಗಿರ್ತಾರೆ. ಅವತ್ತೂ ಹಿಂಗೇ ಅಡ್ಡ ನಿಂತ್ಕೊತೀಯೇನೋ?”

ಕೆಂಪರಾಜ್ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಮಾನಪ್ಪ ಇನ್ನೂ ಹಿಂದೆಮುಂದೆ ನೋಡುತ್ತಿದ್ದ. ರಾಮಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಕೈಯಿಂದ ಹಾರೆ ಕಿತ್ತುಕೊಂಡು ತಾನೇ ಒಂದೇಟು ಹಾಕಿದಳು. ಎರಡನೇ ಏಟಿಗೆ ಭುಜ ಹಿಡಿದುಕೊಂಡಿತು, ಬಿಡಲಿಲ್ಲ. ಮೂರನೆಯದಕ್ಕೆ ಮಾನಪ್ಪನಿಗೇ ನಾಚಿಕೆಯಾಗಿ ಹಾರೆ ಈಸಿಕೊಂಡ.

ಸಿಮೆಂಟು ಎದ್ದಿತು, ಅದರಡಿಯ ಚಪ್ಪಡಿಯೂ ಎದ್ದಿತು. ಒಳಗೆ ನುಣ್ಣಗೆ ಕಡೆದ ಕಲ್ಲಿನ ಬಾಯಿ. ಅದರಿಂದ ಬೆರಳು ಗಾತ್ರದ ನೀರು ತಣ್ಣಗೆ ಹರಿದು ಮಣ್ಣಿನೊಳಗೆ ಇಳಿಯುತ್ತಿತ್ತು.

ಲಕ್ಷ್ಮಿಕಾಂತ ಮಂಡಿಯೂರಿ ನೀರಿಗೆ ಕೈ ಇಟ್ಟ. ಎದ್ದವನೇ ಫೋನ್ ತೆಗೆದು, “ನಾಳೆ ಜೆಸಿಬಿ ಬೇಡ ಕಣ್ರೀ, ಬರ್ಲೇಬೇಡಿ,” ಎಂದ. ಆಮೇಲೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದ. “ತಪ್ಪಾಯ್ತಮ್ಮ. ಇಲ್ಲಿ ಸರಿಯಾದ ಬೋರ್ಡ್ ಹಾಕ್ಸೋಣ. ನಿಮ್ಮ ಮಾವನ ಹೆಸರು?”

“ಮುನಿಆಂಜನಪ್ಪ. ನೀರುಗಂಟಿ ಮುನಿಆಂಜನಪ್ಪ ಅಂತ ಬರೀರಿ.”

ಬರೆದುಕೊಂಡ. ಬಾಯಿ ಮುಚ್ಚಿದವರು ಯಾರೆಂದು ಅಷ್ಟೂ ಜನರಲ್ಲಿ ಒಬ್ಬರೂ ಕೇಳಲಿಲ್ಲ. ಕೆಂಪರಾಜ್ ಬಾಗಿಲಾಚೆ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದ.

“ಅಷ್ಟಕ್ಕೇ ನಿಲ್ಲಿಸ್ಬೇಡಿ,” ಎಂದಳು ರಾಮಲಕ್ಷ್ಮಮ್ಮ. “ಈ ಬಾಯಿ ಮುಚ್ಚಿದ್ದು ಅವರ ಸೊಸೆ ರಾಮಲಕ್ಷ್ಮಮ್ಮ. ಅದನ್ನೂ ಬರ್ಕೊಳ್ಳಿ.”

ಲಕ್ಷ್ಮಿಕಾಂತನ ಪೆನ್ನು ನಿಂತಿತು. “ಬರ್ಕೊಳ್ಳಿ ಸಾರ್,” ಎಂದಳು ಮತ್ತೆ.

ಕೆಂಪರಾಜ್ ತಲೆಯೆತ್ತಿ ತಾಯಿಯನ್ನು ನೋಡಿದ. ಆಮೇಲೆ ಒಳಗೆ ಹೋಗಿ, ಜಟ್ಟೆಮ್ಮನ ಟ್ರಂಕನ್ನು ಹೆಗಲಿಗೇರಿಸಿಕೊಂಡು ಮನೆಯ ಕಡೆ ನಡೆದ.